ಸಿನಿಮಾ ಓಡಿದ್ದಕ್ಕೆ ನಮ್ಮ ಥಿಯೇಟರಿನ ಕಾರಣಗಳು

ಥಿಯೇಟರಿನಲ್ಲಿ ಮ್ಯಾನೇಜರ್ ಆಗಿರುವವನಿಗೆ ಪರದೆಯ ಮೇಲೆ ನಡೆಯುವುದನ್ನು ನೋಡಲು ಪುರುಸೊತ್ತು ಸಿಗುವುದಿಲ್ಲ. ಪರದೆಯ ಈಚೆಗೇ ದಿನಕ್ಕೆ ನಾಲ್ಕು ಆಟ ನಡೆಯುತ್ತಿರುತ್ತದೆ. ತುಮಕೂರಿನಲ್ಲಿ ಕೆಲವು ವರ್ಷ, ಗುಬ್ಬಿಯಲ್ಲಿ ಕೆಲವು ವರ್ಷ, ಈಗ ಕುಣಿಗಲ್ಲಿನಲ್ಲಿ, ಒಬ್ಬರೇ ಮಾಲೀಕರ ಕೈಕೆಳಗೆ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ಊರು ಬದಲಾದರೂ ಪ್ರಸಂಗಗಳು ನಿಂತಿಲ್ಲ.

ಸೋಮವಾರ ಬಂತೆಂದರೆ ಗಾಂಧಿನಗರದ ವಿತರಕರ ಆಫೀಸಿನಿಂದ ಫೋನು ಬರುತ್ತದೆ. ಸಿನಿಮಾ ಓಡದಿದ್ದರೆ ಅವರು ಕಾರಣ ಕೇಳುವುದಿಲ್ಲ. ಮಳೆ, ಪರೀಕ್ಷೆ, ಕ್ರಿಕೆಟ್ಟು ಅಂತ ತಾವೇ ಹೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ. ಓಡಿದರೇ ಅವರಿಗೆ ಅನುಮಾನ. "ಅಲ್ರೀ, ನಿಮ್ಮ ಸೆಂಟರಲ್ಲಿ ಮಾತ್ರ ಯಾಕ್ರೀ ಓಡ್ತಾ ಇದೆ?" ಎಂದು ನಾನೇನೋ ಕದ್ದವನ ಹಾಗೆ ವಿಚಾರಿಸುತ್ತಾರೆ. ಟೀವಿಯಲ್ಲಿ ಕೂತವರು ಇದಕ್ಕೆ ಚಿತ್ರಕಥೆ, ಛಾಯಾಗ್ರಹಣ, ಹಿನ್ನೆಲೆ ಸಂಗೀತ ಅಂತೆಲ್ಲ ಹೇಳುತ್ತಾರೆ. ನಾನು ಕಂಡ ಕಾರಣಗಳು ಬೇರೆ.

ನನಗೆ ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ, ಹೊಟ್ಟೆಪಾಡಿನ ಪ್ರಶ್ನೆ. ನಮ್ಮ ಮಾಲೀಕರ ತುಮಕೂರಿನ ಥಿಯೇಟರ್ ಈಗ ಸೋಫಾ ಶೋರೂಂ ಆಗಿದೆ. ಗುಬ್ಬಿಯದು ಲೀಸ್ ಮುಗಿದು ಕೈಬಿಟ್ಟಿತು. ಉಳಿದಿರುವುದು ಕುಣಿಗಲ್ ಒಂದೇ. ಅದನ್ನೂ ಒಡೆದು ಕಲ್ಯಾಣ ಮಂಟಪ ಕಟ್ಟಬೇಕೆಂದು ಮಾಲೀಕರು ಹಟ ಹಿಡಿದು, ಇಂಜಿನಿಯರ್ ಬರೆದ ನಕ್ಷೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಮಲಗಿಸಿಕೊಂಡು ಓಡಾಡುತ್ತಿದ್ದರು. ಮಂಟಪ ಆದರೆ ನಾನು, ನಮ್ಮ ಆಪರೇಟರ್, ಕ್ಯಾಂಟೀನಿನ ಭಾಯಿ, ಮೂವರೂ ಮನೆಗೆ. ಅದು ಎಲ್ಲಿಗೆ ಬಂತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ನಿಧಾನದ ಸಿನಿಮಾ

ತುಮಕೂರಿನ ಥಿಯೇಟರ್ ಇನ್ನೂ ಸೋಫಾ ಆಗಿರಲಿಲ್ಲ. ಪ್ರಶಸ್ತಿ ಬಂದ ಸಿನಿಮಾ ಒಂದನ್ನು ಹಾಕಿದೆವು. ಬಹಳ ನಿಧಾನ. ಅದರಲ್ಲಿ ಒಬ್ಬ ಮುದುಕ ಬಾವಿಯಿಂದ ನೀರು ಸೇದುತ್ತಾನೆ. ಕೊಡ ಕೆಳಗಿಳಿದು, ತುಂಬಿ, ಮೇಲೆ ಬಂದು, ಅವನು ಸುಧಾರಿಸಿಕೊಳ್ಳುವ ತನಕ ಕ್ಯಾಮೆರಾ ಅಲ್ಲಾಡುವುದಿಲ್ಲ. ಹಾಡಿಲ್ಲ, ಹೊಡೆದಾಟವಿಲ್ಲ, ಮಾತಂತೂ ಇಲ್ಲವೇ ಇಲ್ಲ. ವಾರ ದಾಟುವುದು ಕಷ್ಟ ಎಂದುಕೊಂಡು ಮುಂದಿನ ಸಿನಿಮಾದ ಪೋಸ್ಟರಿಗೆ ಅಂಟು ಕಾಯಿಸಲು ಹೇಳಿಬಿಟ್ಟಿದ್ದೆ.

ಆದರೆ ಮ್ಯಾಟಿನಿಗೆ ಬಾಲ್ಕನಿ ತುಂಬತೊಡಗಿತು. ಕೆಳಗೆ ಸೊಳ್ಳೆ ಬಿಟ್ಟರೆ ಯಾರೂ ಇಲ್ಲ, ಮೇಲೆ ಮಾತ್ರ ಜನ. ಬಂದವರೆಲ್ಲ ರೇಷ್ಮೆ ಸೀರೆ, ಮಲ್ಲಿಗೆ ಹೂವು, ಇಸ್ತ್ರಿ ಮುರಿಯದ ಪಂಚೆಯವರು. ಮಾಲೀಕರು ಹಿಗ್ಗಿಹೋದರು.

"ನೋಡಿದ್ರೇನ್ರೀ, ತುಮಕೂರಿನ ಜನದ ಟೇಸ್ಟು ಎಲ್ಲಿಗೋ ಹೋಯ್ತು. ನೀವು ಸುಮ್ನೆ ಮಾಸ್ ಮಾಸ್ ಅಂತೀರ."

ಆ ಟೇಸ್ಟನ್ನು ನೋಡೋಣ ಎಂದು ಇಂಟರ್ವಲ್ಲಿನಲ್ಲಿ ಮೇಲೆ ಹತ್ತಿದೆ. ಜನ ಎರಡೆರಡು ಗುಂಪಾಗಿ ಕೂತಿದ್ದರು. ಗುಂಪು ಗುಂಪಿನ ನಡುವೆ ಮರಳೂರಿನ ಮದುವೆ ಬ್ರೋಕರ್ ಒಬ್ಬರು ಕಾಫಿ ಲೋಟ ಹಿಡಿದು ಓಡಾಡುತ್ತಿದ್ದರು. ಪಕ್ಕಕ್ಕೆ ಕರೆದು ಏನಿದು ಎಂದು ಕೇಳಿದೆ.

"ಇನ್ನೇನ್ ಸಾರ್, ಹೆಣ್ಣು ನೋಡೋ ಶಾಸ್ತ್ರ. ಮನೇಗೆ ಹೋಗಿ ಕೇಸರಿಬಾತು ತಿಂದು ಬೇಡ ಅಂದ್ರೆ ಮನಸ್ತಾಪ. ಹೋಟ್ಲಲ್ಲಿ ಗಲಾಟೆ. ದೇವಸ್ಥಾನಕ್ಕೆ ಕರ್ಕೊಂಡೋದ್ರೆ ನೆಂಟ್ರ ಕಣ್ಣಿಗೆ ಬೀಳ್ತೀವಿ. ಇಲ್ಲಾದ್ರೆ ತಂಪಾಗಿದೆ, ಸಿನಿಮಾದಲ್ಲಿ ಯಾರೂ ಮಾತಾಡಲ್ಲ, ನಮ್ಮೋರು ಮಾತಾಡ್ಕೋಬೋದು. ಆ ತಾತ ಒಂದ್ ಕೊಡ ನೀರು ಸೇದೋದ್ರೊಳಗೆ ಗೋತ್ರ, ನಕ್ಷತ್ರ, ಸ್ವಂತ ಮನೆ ಎಲ್ಲಾ ವಿಚಾರ್ಸಿ ಮುಗ್ದೋಗುತ್ತೆ!"

ಆ ಸಿನಿಮಾ ಲಗ್ನದ ತಿಂಗಳು ಮುಗಿಯುವ ತನಕ ಓಡಿತು. ಅದು ಹೋಗಿ ದೊಡ್ಡ ಹೀರೋ ಒಬ್ಬರ ಹೊಡೆದಾಟದ ಸಿನಿಮಾ ಬಂತು. ಅಭ್ಯಾಸಬಲ, ಬ್ರೋಕರ್ ಅದಕ್ಕೂ ಎರಡು ಕಡೆಯವರನ್ನು ಕರೆದುಕೊಂಡು ಬಂದು ಕೂರಿಸಿದರು. ಆಟ ಬಿಟ್ಟ ಮೇಲೆ ಬೆವರೊರೆಸಿಕೊಳ್ಳುತ್ತ ನನ್ನ ರೂಮಿಗೆ ಬಂದರು.

"ಏನಾಯ್ತು?" ಎಂದೆ.

"ಹೀರೋ ಎಂಟ್ರಿಗೆ ಹುಡುಗಿ ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹೊಡೆದ್ಬಿಟ್ಲು ಸಾರ್. ಗಂಡಿನ ಕಡೆಯೋರ ಮುಂದೇನೇ!"

"ಅಯ್ಯೋ, ಸಂಬಂಧ ಮುರಿದುಬಿತ್ತಾ?"

"ಇಲ್ಲ, ಅಲ್ಲೇ ಕೂಡಿಬಂತು. ಅವಳಿಗಿಂತ ಮುಂಚೆ ಹುಡುಗನ ತಾಯಿ ಹೊಡೆದಿದ್ರು."

ಒನ್ಸ್ ಮೋರ್

ಗುಬ್ಬಿ ಕಡೆ ಜನಕ್ಕೆ ನಾಟಕದ ಹುಚ್ಚು ರಕ್ತದಲ್ಲಿದೆ. ಊರಿಗೊಬ್ಬ ಹಾರ್ಮೋನಿಯಂ ಮೇಷ್ಟ್ರು, ಹಬ್ಬಕ್ಕೊಂದು ಪೌರಾಣಿಕ ನಾಟಕ. ಹಗಲು ತೆಂಗಿನಕಾಯಿ ಸುಲಿಯುವವರು, ಬಸ್ಸಿನಲ್ಲಿ ಟಿಕೆಟ್ ಹರಿಯುವವರು, ಬ್ಯಾಂಕಿನಲ್ಲಿ ಕೂರುವವರು ಎಲ್ಲರೂ ಅಂದು ಕಿರೀಟ ಇಟ್ಟುಕೊಂಡು ಪದ್ಯ ಹಾಡುತ್ತಾರೆ. ಪದ್ಯ ಚೆನ್ನಾಗಿ ಬಂದರೆ ಜನ "ಒನ್ಸ್ ಮೋರ್" ಎನ್ನುತ್ತಾರೆ. ಅಂದಮೇಲೆ ಕಲಾವಿದ ಮತ್ತೆ ಹಾಡಲೇಬೇಕು. ಇಲ್ಲ ಎಂದರೆ ಅವನಿಗೆ ಸೊಕ್ಕು ಎಂದು ಮುಂದಿನ ವರ್ಷ ಪಾತ್ರವೇ ಸಿಗುವುದಿಲ್ಲ.

ನಮ್ಮ ಆಪರೇಟರೂ ಗುಬ್ಬಿಯವನೇ, ವರ್ಷಕ್ಕೊಂದು ಸಲ ಕಿರೀಟ ಇಡುವವನೇ. ತಾಯಿ ಸೆಂಟಿಮೆಂಟಿನ ಒಂದು ಸಿನಿಮಾ ಹಾಕಿದ್ದೆವು. ಎರಡನೇ ಹಾಡು ಮುಗಿಯುತ್ತಿದ್ದ ಹಾಗೆ ಹಾಲಿನಿಂದ ಯಾರೋ "ಒನ್ಸ್ ಮೋರ್" ಎಂದು ಕೂಗಿದರು. ಮೊದಲಿನ ಹಾಗೆ ರೀಲು ಸುತ್ತುವ ಕಷ್ಟ ಈಗಿಲ್ಲ, ಕಂಪ್ಯೂಟರಿನಲ್ಲಿ ಬೆರಳಾಡಿಸಿದರೆ ಸಿನಿಮಾ ಹಿಂದಕ್ಕೆ ಹೋಗುತ್ತದೆ. ಇವನು ಹಾಡನ್ನು ಮತ್ತೆ ಹಾಕಿಯೇಬಿಟ್ಟ. ಜನಕ್ಕೆ ರುಚಿ ಹತ್ತಿತು. ಹೊಡೆದಾಟಕ್ಕೆ ಒನ್ಸ್ ಮೋರ್. ವಿಲನ್ನಿನ ಡೈಲಾಗಿಗೆ ಒನ್ಸ್ ಮೋರ್. ಕೊನೆಗೆ ತಾಯಿ ಸತ್ತಳು. ಹಾಲ್ ತುಂಬ ಅಳು. ಮುಂದಿನ ಸಾಲಿನ ಯಜಮಾನರೊಬ್ಬರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತು, ಗದ್ಗದ ಕಂಠದಲ್ಲಿ "ಒನ್ಸ್ ಮೋರ್" ಎಂದರು. ಆಪರೇಟರ್ ತಾಯಿಯನ್ನು ಬದುಕಿಸಿ ಇನ್ನೊಂದು ಸಲ ಸಾಯಿಸಿದ.

ನಾನು ಕ್ಯಾಬಿನ್ನಿಗೆ ಓಡಿದೆ. "ಏನಯ್ಯಾ ಮಾಡ್ತಿದೀಯ?"

"ಸಭೆ ಒನ್ಸ್ ಮೋರ್ ಅಂದ್ರೆ ಕಲಾವಿದ ಇಲ್ಲ ಅನ್ಬಾರ್ದು ಸಾರ್. ಪಾಪ ಸುತ್ಕೊಳುತ್ತೆ."

"ಕಲಾವಿದ ನೀನಲ್ವಲ್ಲೋ!"

"ಅವ್ರು ಬೆಂಗ್ಳೂರಲ್ಲವ್ರೆ. ಅವ್ರ ಪರವಾಗಿ ಇಲ್ಲಿ ನಾನೇ ತಾನೇ ಇರೋದು?"

ಪೂರ್ತಿ ನಿಲ್ಲಿಸು ಎಂದರೆ ಮುಖ ಊದಿಸಿಕೊಂಡು ಕೂರುವ ಜಾತಿ. ಕೆಲವು ವಾರ ಬಿಟ್ಟು ನಾನೇ ತಲೆ ಓಡಿಸಿ ಒಂದು ರೂಲ್ಸ್ ಮಾಡಿದೆ. ಇನ್ನು ಮುಂದೆ ಹೆಂಗಸರು ಎದ್ದು ನಿಂತು ಕೇಳಿದರೆ ಮಾತ್ರ ಒನ್ಸ್ ಮೋರ್, ಗಂಡಸರು ಕೇಳಿದರೆ ಇಲ್ಲ. ನಮ್ಮ ಕಡೆ ಯಾವ ಹೆಣ್ಣುಮಗಳು ಹಾಲಿನ ನಡುವೆ ಎದ್ದು ನಿಂತು ಕೂಗುತ್ತಾಳೆ? ಆಪರೇಟರ್ ಅದನ್ನು ವೇದವಾಕ್ಯ ಎಂದು ಒಪ್ಪಿಕೊಂಡ, ಕುಣಿಗಲ್ಲಿಗೆ ಬಂದ ಮೇಲೂ ಅದೇ ರೂಲ್ಸ್ ನಡೆಸಿಕೊಂಡು ಬಂದ. ನಾನು ಬುದ್ಧಿವಂತ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆದರೆ ರೂಲ್ಸ್ ಬರುವ ಮುಂಚೆ ಆ ತಾಯಿ ಸಿನಿಮಾ ಗುಬ್ಬಿಯಲ್ಲಿ ವಾರಗಟ್ಟಲೆ ಓಡಿಬಿಟ್ಟಿತ್ತು. ಗಾಂಧಿನಗರದಿಂದ ಫೋನು ಬಂತು.

"ಏನ್ರೀ, ನೋಡಿದ್ ಜನಾನೇ ದಿನಾ ಬರ್ತಿದಾರಂತೆ? ಇಷ್ಟೊಂದು ರಿಪೀಟ್ ಆಡಿಯನ್ಸ್ ನಾವು ಬೆಂಗ್ಳೂರಲ್ಲೂ ಕಂಡಿಲ್ಲ. ಅಂಥಾದ್ದೇನ್ ಹಿಡಿಸ್ತು ಅವ್ರಿಗೆ?"

"ರಿಪೀಟ್ ಅಲ್ಲ ಸಾರ್," ಎಂದೆ. "ಕ್ಲೈಮ್ಯಾಕ್ಸ್ ಬರೋದ್ರೊಳಗೆ ಅವ್ರ ಊರಿನ ಬಸ್ಸಿನ ಟೈಮ್ ಆಗ್ಬಿಡುತ್ತೆ. ಪಾಪ, ಇನ್ನೂ ಒಂದ್ಸಲಾನೂ ಪೂರ್ತಿ ನೋಡಿಲ್ಲ."

ಇಂಟರ್ವಲ್ ತನಕ

ಇದು ಚಿಕ್ಕದು. ಕುಣಿಗಲ್ಲಿನ ನಮ್ಮ ಕ್ಯಾಂಟೀನ್ ನಡೆಸುವ ಭಾಯಿಯ ಪ್ರಕಾರ ಸಿನಿಮಾ ಓಡುವುದಕ್ಕೆ ಒಂದೇ ಕಾರಣ, ಅವರ ಮೊಟ್ಟೆ ಬೋಂಡ. ಓಡದಿದ್ದರೆ ಡೈರೆಕ್ಟರ್ ಸರಿ ಇಲ್ಲ.

ಒಂದು ಸಿನಿಮಾಕ್ಕೆ ಮೊಬೈಲಿನಲ್ಲಿ ವಿಮರ್ಶೆ ಹೇಳುವ ಹುಡುಗರೆಲ್ಲ ಒಂದೇ ಮಾತು ಹೇಳಿದರು. ಫಸ್ಟ್ ಹಾಫ್ ಬೆಂಕಿ, ಸೆಕೆಂಡ್ ಹಾಫ್ ಬೂದಿ. ನಮ್ಮ ಜನ ಹೇಳಿದ ಮಾತು ಕೇಳುವವರು. ಬಂದರು, ಇಂಟರ್ವಲ್ ತನಕ ನೋಡಿದರು, ಬೋಂಡ ತಿಂದರು, ಬೈಕ್ ಹತ್ತಿಕೊಂಡು ಮನೆಗೆ ಹೋದರು. ದಿನಾ ಇದೇ. ಭಾಯಿ ನನ್ನ ಹತ್ತಿರ ಬಂದು ಗಂಭೀರವಾಗಿ ಸಲಹೆ ಕೊಟ್ಟರು.

"ಸಾಬ್, ಸೆಕೆಂಡ್ ಹಾಫ್ ಯಾಕೆ ಹಾಕ್ತೀರ? ಕರೆಂಟ್ ದಂಡ. ಅದರ ಬದ್ಲು ಫಸ್ಟ್ ಹಾಫ್ ಎರಡು ಸಲ ಹಾಕಿ. ಎರಡು ಇಂಟರ್ವಲ್ ಆಗುತ್ತೆ."

ಒಂದು ದಿನ ಒಬ್ಬರು ಮಾತ್ರ ಕೊನೆಯವರೆಗೂ ಅಲ್ಲಾಡದೆ ಕೂತಿದ್ದರು. ಖಾಲಿ ಹಾಲಿನಲ್ಲಿ ಒಬ್ಬರೇ. ಸಿನಿಮಾದ ಮರ್ಮ ತಿಳಿದವರು ಒಬ್ಬರಾದರೂ ಸಿಕ್ಕರಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ಹತ್ತಿರ ಹೋಗಿ, "ಇಷ್ಟ ಆಯ್ತಾ ಸಾರ್?" ಎಂದೆ.

"ಇಷ್ಟ ಆಮೇಲೆ ಹೇಳ್ತೀನಿ," ಎಂದರು. "ಇನ್ನೊಂದ್ ಒಬ್ಬೆ ಬೋಂಡ ಹಾಕ್ತೀನಿ ಕೂತಿರಿ ಅಂದ್ರು ನಿಮ್ ಭಾಯಿ. ಎಣ್ಣೆ ಕಾಯ್ತಾ ನೋಡಿ ಒಸಿ."

ಬಲಗಡೆ ಹೂವು

ನಮ್ಮ ಮಾಲೀಕರು ಸಿನಿಮಾ ಆರಿಸುವುದು ಟ್ರೈಲರ್ ನೋಡಿ ಅಲ್ಲ. ಗೂಳೂರಿನ ಆಚೆ ಅವರ ಮನೆದೇವರಿದೆ. ಅಲ್ಲಿ ಹೋಗಿ ಕೈಮುಗಿದು ಕೂತು ಹೂವು ಕೇಳುತ್ತಾರೆ. ದೇವರ ಮೇಲಿಂದ ಹೂವು ಬಲಗಡೆ ಬಿದ್ದರೆ ಆಗಬಹುದು, ಎಡಗಡೆ ಬಿದ್ದರೆ ಬೇಡ. ಮೊದಲು ತೆಂಗಿನತೋಟಕ್ಕೆ ಬೋರ್ ಕೊರೆಸುವಾಗ ಕೇಳುತ್ತಿದ್ದರಂತೆ. ಆಮೇಲೆ ಅದನ್ನೇ ಸಿನಿಮಾಕ್ಕೂ ಮುಂದುವರಿಸಿದರು.

ಒಂದು ಸಲ "ಈ ಸಿನಿಮಾ ಹಾಕ್ಲಾ ತಂದೇ?" ಎಂದು ಕೇಳಿದರು. ಹೂವು ಬಲಗಡೆಯೇ ಬಿತ್ತು. ಹಾಕಿದೆವು. ಸಿನಿಮಾ ಮಲಗಿತು. ಮಾಲೀಕರು ಸಿಟ್ಟಿನಿಂದ ಪೂಜಾರಿಯ ಹತ್ತಿರ ಹೋದರು. ಪೂಜಾರಿ ಶಾಂತವಾಗಿ ಹೇಳಿದರು:

"ನೀವು 'ಹಾಕ್ಲಾ' ಅಂದ್ರಿ, ಸ್ವಾಮಿ 'ಹಾಕು' ಅಂತು. 'ಓಡುತ್ತಾ' ಅಂತ ನೀವೆಲ್ಲಿ ಕೇಳಿದ್ರಿ?"

ಮುಂದಿನ ಸಲ ಮಾಲೀಕರು ಹುಷಾರಾದರು. "ಈ ಸಿನಿಮಾ ಓಡುತ್ತಾ?" ಎಂದೇ ಕೇಳಿದರು. ಹೂವು ಧಡಕ್ಕನೆ ಬಲಕ್ಕೆ ಬಿತ್ತು. ಖುಷಿಯಾಗಿ ಪ್ರಸಾದ ತಿಂದು, ನೆಂಟರ ಮನೆಗೆ ಹೋಗಿ, ಒಂದು ನಿದ್ದೆ ತೆಗೆದು ಗಾಂಧಿನಗರಕ್ಕೆ ಫೋನ್ ಮಾಡುವಷ್ಟರಲ್ಲಿ ಆ ಸಿನಿಮಾವನ್ನು ವಿತರಕರು ಬೇರೆಯವರಿಗೆ ಕೊಟ್ಟಾಗಿತ್ತು. ಅದು ಚೆನ್ನಾಗಿಯೇ ಓಡಿತು, ಇನ್ನೊಂದು ಥಿಯೇಟರಿನಲ್ಲಿ. ಪೂಜಾರಿಯನ್ನು ಕೇಳಿದರೆ, "ಯಾವ ಥಿಯೇಟರಲ್ಲಿ ಅಂತ ನೀವು ಬಿಡಿಸಿ ಹೇಳ್ಲಿಲ್ವಲ್ಲ ಯಜಮಾನ್ರೇ" ಎಂದರು.

ಇದೇ ದೇವರಿಗೆ ಮಾಲೀಕರ ಹೆಂಡತಿಯದೂ ಒಂದು ಹರಕೆ ಇತ್ತು. ಅವರನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತೇವೆ. ಮಾಲೀಕರ ಎದೆಗೆ ಸ್ಟೆಂಟ್ ಹಾಕಿದ ದಿನ ಅಮ್ಮಾವ್ರು ಇನ್ನು ಮೇಲೆ ಇವರು ಬಾಡು, ಮಾಂಸ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತರು. ಇವರೊಬ್ಬರನ್ನೇ ಬಿಡಿಸುವುದು ಅನ್ಯಾಯ ಎಂದು ತಾವೂ ಬಿಟ್ಟರು. ಕಾಲುಸೂಪೆಂದರೆ ಪ್ರಾಣ ಅನ್ನುತ್ತಿದ್ದ ಹೆಂಗಸು, ಅಂದಿನಿಂದ ಸೊಪ್ಪಿನ ಸಾರಿನಲ್ಲೇ ಮುದ್ದೆ ನುಂಗುತ್ತಿದ್ದರು.

ಕೊನೆಗೆ ಮಾಲೀಕರು ಕಲ್ಯಾಣ ಮಂಟಪಕ್ಕೆ ಹೂವು ಕೇಳಲು ಹೊರಟರು. ಈ ಸಲ ಯಾವ ಸಂದಿಯೂ ಉಳಿಯಬಾರದೆಂದು ನನ್ನನ್ನೂ ಕರೆದುಕೊಂಡು ಹೋದರು. ದೇವರ ಮುಂದೆ ಕೂತು, "ಕುಣಿಗಲ್ಲಲ್ಲಿರೋ ನನ್ನ ಸ್ವಂತ ಥಿಯೇಟರನ್ನ ಒಡೆಸಿ, ಅದೇ ಜಾಗದಲ್ಲಿ, ನಾನೇ, ಊಟದ ಹಾಲ್ ಸಮೇತ ಕಲ್ಯಾಣ ಮಂಟಪ ಕಟ್ಲಾ ತಂದೇ?" ಎಂದು ರಿಜಿಸ್ಟರ್ ಆಫೀಸಿನಲ್ಲಿ ಪತ್ರ ಓದಿದ ಹಾಗೆ ಕೇಳಿದರು. ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಎಡಕ್ಕೆ ಬೀಳಿಸಪ್ಪ, ಎಡಕ್ಕೆ ಬೀಳಿಸಪ್ಪ ಎಂದು ಬೇಡಿಕೊಂಡೆ.

ಹೂವು ಬಲಗಡೆ ಬಿತ್ತು. ಬಿದ್ದದ್ದಷ್ಟೇ ಅಲ್ಲ, ಉರುಳಿಕೊಂಡು ಬಂದು ನನ್ನ ಮಂಡಿಗೆ ತಾಗಿ ನಿಂತಿತು. ಪೂಜಾರಿ ಅದನ್ನೆತ್ತಿ ನನ್ನ ಕೈಗೇ ಕೊಟ್ಟು, "ಕಣ್ಣಿಗೊತ್ಕೊಳಿ, ನಿಮಗೂ ಒಳ್ಳೇದಾಗುತ್ತೆ" ಎಂದರು.

ಬಾಡೂಟದ ಸೀನು

ಒಡೆಯುವ ಮುಂಚೆ ಕೊನೆಯದಾಗಿ ಒಂದು ಸಿನಿಮಾ ಹಾಕಿ ಎಂದರು ಮಾಲೀಕರು. ಓಡಿದಷ್ಟು ದಿನ ಓಡಲಿ, ಆಮೇಲೆ ಜೆಸಿಬಿ. ಆಗ ಸಿಕ್ಕಿದ್ದು ಹೊಸಬರು ಮಾಡಿದ ಹಳ್ಳಿಯ ಕಥೆ. ಮೊದಲ ದಿನ ಬೆಳಗಿನ ಆಟಕ್ಕೆ ಬಂದವರನ್ನು ಹೆಸರು ಹಿಡಿದು ಕರೆಯಬಹುದಿತ್ತು. ಭಾಯಿ ಬಾಣಲೆಯನ್ನೇ ಇಡಲಿಲ್ಲ.

ಮಾರನೆಯ ದಿನ ಹುಲಿಯೂರುದುರ್ಗದ ಕಡೆಯಿಂದ ಒಂದು ಟೆಂಪೋ ತುಂಬ ಜನ ಬಂದಿಳಿದರು. ಅದರ ಮಾರನೆಯ ದಿನ ಎರಡು ಟೆಂಪೋ, ಒಂದು ಟ್ರ್ಯಾಕ್ಟರ್. ಮುಂದಿನ ಶನಿವಾರಕ್ಕೆ ಹೌಸ್‌ಫುಲ್ ಬೋರ್ಡು. ಆ ಬೋರ್ಡು ಎಲ್ಲಿಟ್ಟಿದ್ದೇವೆಂದೇ ಮರೆತುಹೋಗಿತ್ತು. ಹುಡುಕಿದರೆ ಭಾಯಿ ಅದರ ಮೇಲೆ ಈರುಳ್ಳಿ ಹೆಚ್ಚುತ್ತಿದ್ದರು.

ಕಾರಣ ಬೇಗ ತಿಳಿಯಿತು. ಆ ಸಿನಿಮಾವನ್ನು ತೆಗೆದದ್ದು ಹುಲಿಯೂರುದುರ್ಗದ ಬೆಟ್ಟದ ಬುಡದಲ್ಲಿ. ಅದರಲ್ಲಿ ಒಂದು ಬೀಗರೂಟದ, ಅಂದರೆ ಮದುವೆ ಮುಗಿದ ಮೇಲಿನ ಬಾಡೂಟದ, ಸೀನು ಇದೆ. ಹೊಸಬರಿಗೆ ಜೂನಿಯರ್ ಆರ್ಟಿಸ್ಟುಗಳನ್ನು ಕರೆಸುವ ತಾಕತ್ತು ಇರಲಿಲ್ಲ. ನಿಜವಾಗಿ ಮರಿ ಕೊಯ್ದು, ಮುದ್ದೆ ಮಾಡಿಸಿ, ಸುತ್ತಲ ಜನವನ್ನು ಊಟಕ್ಕೆ ಕರೆದುಬಿಟ್ಟಿದ್ದರು. ಕ್ಯಾಮೆರಾ ಪಂಕ್ತಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ, ಬಡಿಸುವವರ ಹಾಗೆ ಒಬ್ಬೊಬ್ಬರನ್ನೂ ವಿಚಾರಿಸಿಕೊಂಡು ಹೋಗುತ್ತದೆ.

ಹೀರೋ ಬಂದರೆ ನಮ್ಮ ಹಾಲಿನಲ್ಲಿ ಕೆಮ್ಮು. ಪಂಕ್ತಿ ಬಂದರೆ ಶಿಳ್ಳೆ. "ಅಗೋ ನಮ್ಮಜ್ಜಿ! ಅಗೋ ಉಪ್ಪಿನಕಾಯಿ ಎಡಗೈಲಿ ತಗೊಂಡ್ಲು ನೋಡ್ಲಾ!" ತಮ್ಮ ಮನೆಯವರು ದಾಟಿಹೋದ ಮೇಲೆ ಒಂದೊಂದು ಕುಟುಂಬವೇ ಎದ್ದು ಚಪ್ಪಲಿ ಹುಡುಕಿಕೊಳ್ಳುತ್ತಿತ್ತು. ಒಬ್ಬ ಹೊಸ ಬೀಗರನ್ನು ಕರೆದುಕೊಂಡು ಬಂದು, "ಆ ಮಜ್ಜಿಗೆ ಲೋಟ ಇಡ್ಕೊಂಡಿರೋ ಕೈ ಕಾಣ್ತದಲ್ಲ ಮಾವ, ಮೊಣಕೈ ತಂಕ ನಾನೇ" ಎಂದು ತೋರಿಸಿ ಗೌರವ ಸಂಪಾದಿಸಿದ.

ಆ ಪಂಕ್ತಿಯ ತುದಿಯಲ್ಲಿ ಒಬ್ಬರು ಕೂತಿದ್ದರು. ಶರ್ಟಿನ ತೋಳು ಮಡಚಿ, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ನಲ್ಲಿ ಮೂಳೆ ಹಿಡಿದು, ಎಲೆಯ ಮೇಲೆ ಟಕ್ ಟಕ್ ಎಂದು ಕುಟ್ಟಿ, ಆಮೇಲೆ ಚೀಪುತ್ತಾರೆ. ಅಷ್ಟು ತನ್ಮಯತೆಯನ್ನು ಹೀರೋ ಇಡೀ ಸಿನಿಮಾದಲ್ಲಿ ಎಲ್ಲೂ ತೋರಿಸಿರಲಿಲ್ಲ. ಜನ ಅವರಿಗೆ ಮೂಳೆ ಯಜಮಾನ್ರು ಎಂದು ಹೆಸರಿಟ್ಟು ಪ್ರತಿ ಆಟಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. ಒಳಗೆ ಬಂದು ಸಿನಿಮಾ ನೋಡಲು ಪುರುಸೊತ್ತಿಲ್ಲದ ನಾನು ಚಪ್ಪಾಳೆ ಯಾರಿಗೆ ಎಂದು ಒಂದು ದಿನ ಇಣುಕಿದೆ. ನೋಡಿದರೆ, ನಮ್ಮ ಮಾಲೀಕರು!

ಫೋನ್ ಮಾಡಿದೆ. ಸಂಜೆಯ ಆಟಕ್ಕೆ ಓಡಿಬಂದರು. ಕತ್ತಲಲ್ಲಿ ಹಿಂದೆ ನಿಂತು ತಮ್ಮನ್ನು ತಾವೇ ನೋಡಿ ನನ್ನ ತೋಳು ಹಿಡಿದುಕೊಂಡರು.

"ಇಂಜಿನಿಯರ್ ಹತ್ರ ಹೋಗ್ತೀನಿ ಅಂತ ಮನೇಲಿ ಹೇಳಿ ಹೋಗಿದ್ದೆ ಕಣ್ರೀ. ದಾರೀಲಿ ಸ್ನೇಹಿತ್ರೊಬ್ರು ಬೀಗರೂಟ ಐತೆ ಬನ್ನಿ ಅಂದ್ರು. ನಿಜವಾದ್ದೇ ಅಂದ್ಕೊಂಡೆ."

"ಕ್ಯಾಮೆರಾ ಇತ್ತಲ್ಲ ಯಜಮಾನ್ರೇ?"

"ಮದ್ವೆ ವಿಡಿಯೋದೋರು ಅಂದ್ಕೊಂಡೆ."

"ಗಂಡು ಹೆಣ್ಣು ಯಾರು ಅಂತ ನೋಡ್ಲಿಲ್ವಾ?"

"ಬೀಗರೂಟಕ್ಕೆ ಹೋದೋರು ಗಂಡು ಹೆಣ್ಣು ಯಾಕ್ರೀ ನೋಡ್ತಾರೆ?" ಎಂದು ನನಗೇ ಗದರಿದರು. ಆಮೇಲೆ ದನಿ ಇಳಿಸಿ, "ಹೆಣ್ಣಿನ ತಂದೆ ಕೈಗೆ ಮುಯ್ಯಿ ಕವರ್ ಬೇರೆ ಕೊಟ್ಟು ಬಂದೆ. ಆಕ್ಟರ್ ನನ್ ಮಗ, ನಮಸ್ಕಾರ ಮಾಡಿ ಈಸ್ಕೊಂಡ" ಎಂದರು.

ಆ ಸೀನ್ ಹಾರಿಸಿಬಿಡಿ ಎಂದು ಅಪ್ಪಣೆಯಾಯಿತು. ಮುಂದಿನ ಆಟಕ್ಕೆ ಆಪರೇಟರ್ ಹಾರಿಸಿದ. ಟೆಂಪೋದವರು ಸೀಟಿನ ಮೇಲೆ ಹತ್ತಿ ನಿಂತರು. "ನಮ್ಮ ಊಟ ಎಲ್ರೀ? ಪಂಕ್ತಿ ಮಧ್ಯದಿಂದ ಎಬ್ಬಿಸ್ತೀರಾ ನಮ್ಮನ್ನ?" ಕುಡಿಯುವ ನೀರಿನ ಡ್ರಮ್ಮು ಉರುಳಿತು. ಊಟವನ್ನು ವಾಪಸ್ ಹಾಕಿದ ಮೇಲೇ ಹಾಲ್ ತಣ್ಣಗಾದದ್ದು.

ಇಂಥ ಸುದ್ದಿ ಕುಣಿಗಲ್ಲಿನಿಂದ ತುಮಕೂರಿನ ಮಾಲೀಕರ ಮನೆಗೆ ಹೋಗಲು ಬ್ರಾಡ್‌ಬ್ಯಾಂಡ್ ಬೇಕಿಲ್ಲ, ನೆಂಟರು ಸಾಕು. ಆದರೆ ಅರ್ಧ ಮಾತ್ರ ಹೋಯಿತು. ನಿಮ್ಮ ಯಜಮಾನ್ರು ಸಿನಿಮಾದಲ್ಲಿ ಆಕ್ಟ್ ಮಾಡಿದ್ದಾರಂತೆ ಎಂದಷ್ಟೇ ಅಮ್ಮಾವ್ರ ಕಿವಿಗೆ ಬಿತ್ತು. ಭಾನುವಾರ ಮ್ಯಾಟಿನಿಗೆ ರೇಷ್ಮೆ ಸೀರೆ ಉಟ್ಟು, ತಂಗಿಯರನ್ನೂ ನಾದಿನಿಯರನ್ನೂ ಕರೆದುಕೊಂಡು ಹೂವು ಮುಡಿದು ಬಂದಿಳಿದರು. "ನಮ್ ಹತ್ರ ಒಂದ್ ಮಾತೂ ಹೇಳಿಲ್ಲ ನೋಡಿ ಈ ವಯ್ಯ, ನಾಚ್ಕೆ" ಎಂದು ನನ್ನ ಮುಂದೆ ಹೆಮ್ಮೆಯಿಂದ ನಕ್ಕರು. ಮಾಲೀಕರು ಹಿಂದಿನಿಂದ ನನ್ನನ್ನು ಎಳೆದುಕೊಂಡು ಗೋಡೆಗೆ ಒತ್ತಿದರು.

"ಇವತ್ತು ಅವಳು ಆ ಸೀನ್ ನೋಡ್ಬಾರ್ದು. ನೋಡಿದ್ಲೋ, ನಾಳೆ ಬೆಳಿಗ್ಗೇನೇ ಜೆಸಿಬಿ ತರಿಸ್ತೀನಿ. ಈ ಸಿನಿಮಾ ಓಡೋದೂ ಬೇಡ, ಏನೂ ಬೇಡ."

ಹಾರಿಸಿದರೆ ಹುಲಿಯೂರುದುರ್ಗದವರು ಥಿಯೇಟರ್ ಒಡೆಯುತ್ತಾರೆ, ಹಾರಿಸದಿದ್ದರೆ ಮಾಲೀಕರೇ ಒಡೆಸುತ್ತಾರೆ. ನನಗೆ ತೋಚಿದ್ದು ಒಂದೇ. ಸೀನು ಬರುವ ಹೊತ್ತಿಗೆ ಅಮ್ಮಾವ್ರನ್ನು ಹೊರಗೆ ಕರೆಯಲು ಭಾಯಿಯನ್ನು ಕಳಿಸಿದೆ. "ಅಮ್ಮಾ, ಬಿಸಿ ಮೆಣಸಿನಕಾಯಿ ಬೋಂಡ, ಮೊಟ್ಟೆ ಇಲ್ಲದ್ದು, ನಿಮಗೋಸ್ಕರ ಬೇರೆ ಎಣ್ಣೇಲಿ" ಎಂದು ಅವರು ಬಗ್ಗಿ ಕರೆದರು. "ಈಗ ಬೇಡಪ್ಪ, ನಮ್ಮೋರು ಬರೋ ಟೈಮು" ಎಂದುಬಿಟ್ಟರು ಅಮ್ಮಾವ್ರು.

ಪಂಕ್ತಿ ಬಂತು. ಅಜ್ಜಿಗೆ ಶಿಳ್ಳೆ. ಮೊಣಕೈಗೆ ಶಿಳ್ಳೆ. ಆಮೇಲೆ ಟಕ್ ಟಕ್ ಎಂಬ ಸದ್ದು. ಹಾಲ್ ಪೂರ್ತಿ "ಮೂಳೆ ಯಜಮಾನ್ರಿಗೆ ಜೈ" ಎಂದು ಎದ್ದು ಕುಣಿಯಿತು. ಅಮ್ಮಾವ್ರು ಮಾತ್ರ ಕೂತೇ ಇದ್ದರು. ಗಲಾಟೆ ಅಡಗಿತು. ಆಗ ಅವರು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಎದ್ದು ನಿಂತರು. ಕ್ಯಾಬಿನ್ ಕಡೆ ತಿರುಗಿ, ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದರು:

"ಒನ್ಸ್ ಮೋರ್!"

ಹೆಂಗಸು. ಎದ್ದು ನಿಂತಿದ್ದಾರೆ. ಗುಬ್ಬಿಯಲ್ಲಿ ರೂಲ್ಸ್ ಆದಾಗಿನಿಂದ ಆಪರೇಟರ್ ಈ ದಿನಕ್ಕೇ ಕಾದಿದ್ದ. ನಾನು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರೆ, ಅವನು ನಾನು ಬೇಗ ಹಾಕು ಎನ್ನುತ್ತಿದ್ದೇನೆಂದು ತಿಳಿದು ಮಾಲೀಕರನ್ನು ಮತ್ತೆ ಮೊದಲಿನಿಂದ ಚೀಪಿಸಿದ. ಅಮ್ಮಾವ್ರು ಕೂರಲಿಲ್ಲ. ಇನ್ನೊಂದು ಸಲ "ಒನ್ಸ್ ಮೋರ್" ಎಂದರು. ಈ ಸಲ ಯಾರೂ ಶಿಳ್ಳೆ ಹೊಡೆಯಲಿಲ್ಲ. ಏನೋ ಮನೆ ವಿಚಾರ ಎಂದು ಜನಕ್ಕೆ ಅರ್ಥವಾಗಿತ್ತು.

ಆಟ ಬಿಟ್ಟ ಮೇಲೆ ನನ್ನ ರೂಮಿನಲ್ಲಿ ಪಂಚಾಯಿತಿ. ಅಮ್ಮಾವ್ರು ಜೋರು ಮಾಡಲಿಲ್ಲ. ಅವರ ಕಣ್ಣು ತುಂಬಿತ್ತು.

"ಪಕ್ಕದ್ ಮನೇಲಿ ಕಾಲುಸೂಪು ಕುದ್ದಿದ್ ವಾಸ್ನೆ ಬಂದ್ರೆ ಕಿಟಕಿ ಹಾಕ್ಕೊಂಡು ಕೂತಿದೀನಿ ಕಣ್ರೀ. ಯಾರಿಗೋಸ್ಕರ? ಈ ಎದೆ ನಿಂತೋಗ್ಬಾರ್ದು ಅಂತ. ನೀವು ಕಣ್ಮುಚ್ಕೊಂಡು ಕುಟ್ಕೊಂಡು ಕೂತಿದೀರ."

ಮಾಲೀಕರು ತಲೆ ಎತ್ತಲಿಲ್ಲ. "ತಪ್ಪಾಯ್ತು ಕಣೇ" ಎಂದರು, ಶಾಲೆಯ ಹುಡುಗನ ಹಾಗೆ. ಆಮೇಲೆ ಆ ಪಂಚಾಯಿತಿಯಿಂದ ತಪ್ಪಿಸಿಕೊಳ್ಳಲು ನನ್ನ ಕಡೆ ತಿರುಗಿ ಮಾತು ಬದಲಿಸಿದರು. "ನಾಳೆ ಜೆಸಿಬಿಯೋನಿಗೆ ಬರೋಕೆ ಹೇಳ್ರೀ. ಮಂಟಪದ ಕೆಲಸ ಶುರು ಮಾಡ್ಬಿಡಣ."

ಅದನ್ನು ಅವರು ಹೇಳಬಾರದಿತ್ತು. ಅಮ್ಮಾವ್ರು ಕಣ್ಣೊರೆಸಿಕೊಳ್ಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

"ಮಂಟಪ. ಮದ್ವೆ ಆದ್ಮೇಲೆ ಬೀಗರೂಟ ಎಲ್ಲಿ ಮಾಡ್ತಾರೆ?"

ಮಾಲೀಕರು ನನ್ನ ಮೇಜಿನ ಮೇಲಿದ್ದ ಟಿಕೆಟ್ ಪುಸ್ತಕಗಳನ್ನು ಜೋಡಿಸತೊಡಗಿದರು.

"ವಾರ ವಾರ ಬೀಗರೂಟ. ಮಂಟಪದ ಓನರನ್ನ ಕರೀದೆ ಎಲೆ ಹಾಕ್ತಾರಾ? ಅದಕ್ಕೇ ಅಲ್ವಾ ಒಂದ್ ವರ್ಷದಿಂದ ಊಟದ ಹಾಲ್ ದೊಡ್ಡದು ಮಾಡ್ಸು ಊಟದ ಹಾಲ್ ದೊಡ್ಡದು ಮಾಡ್ಸು ಅಂತ ಇಂಜಿನಿಯರ್ ತಲೆ ತಿಂತಿದ್ದಿದ್ದು?"

"ದೇವ್ರು ಬಲಗಡೆ ಹೂವು ಕೊಟ್ಟೈತೆ ಕಣೇ," ಎಂದರು ಮಾಲೀಕರು, ಕೊನೆಯ ಆಸರೆ ಎಂಬಂತೆ. "ಇವ್ರನ್ನೇ ಕೇಳು."

"ಹೆಂಡ್ತಿ ಒಪ್ತಾಳಾ ಅಂತ ಕೇಳಿದ್ರಾ ದೇವ್ರನ್ನ?"

ಮಾಲೀಕರು ನನ್ನ ಮುಖ ನೋಡಿದರು. ಆ ಒಂದು ಸಂದಿ ಉಳಿದುಬಿಟ್ಟಿತ್ತು.

"ಥಿಯೇಟರ್ ಇದ್ದಂಗೇ ಇರ್ಲಿ. ಇದು ಇದ್ದಿದ್ದಕ್ಕೇ ನನಗೆ ಸತ್ಯ ಗೊತ್ತಾಗಿದ್ದು" ಎಂದು ಅಮ್ಮಾವ್ರು ಎದ್ದರು. ಬಾಗಿಲ ಹತ್ತಿರ ನಿಂತು, ಮೆಣಸಿನಕಾಯಿ ಬೋಂಡ ಎಲ್ಲಿ ಎಂದು ಕೇಳಿ, ಭಾಯಿ ತಂದುಕೊಟ್ಟಿದ್ದನ್ನು ತಂಗಿಯರ ಜೊತೆ ತಿಂದೇ ಕಾರು ಹತ್ತಿದರು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ನಕ್ಷೆಯನ್ನು ನಾದಿನಿಯೊಬ್ಬರು ಬೋಂಡದ ಕೈ ಒರೆಸಿಕೊಳ್ಳಲು ಬಳಸಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಅಂದು ರಾತ್ರಿ ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಮಲಗಿದೆ.

ಸೋಮವಾರ ಗಾಂಧಿನಗರದಿಂದ ಫೋನು.

"ಏನ್ರೀ ಇದು, ಇಡೀ ಕರ್ನಾಟಕದಲ್ಲಿ ಎತ್ತಿಹೋಗಿರೋ ಸಿನಿಮಾ ನಿಮ್ಮಲ್ಲಿ ಹೌಸ್‌ಫುಲ್ಲು! ನಿಜ ಹೇಳಿ, ಏನ್ ಕಾರಣ?"

ಎಲ್ಲಿಂದ ಶುರು ಮಾಡುವುದು? ಮುದ್ದೆಯಿಂದಲೋ, ಮೂಳೆಯಿಂದಲೋ, ಹೂವಿನಿಂದಲೋ. ಸ್ವಲ್ಪ ಯೋಚಿಸಿ, ಅವರಿಗೆ ಅರ್ಥವಾಗುವ ಮಾತಿನಲ್ಲೇ ಹೇಳಿದೆ:

"ಸಕುಟುಂಬ ಸಮೇತ ನೋಡೋ ಸಿನಿಮಾ ಸಾರ್."